ಮನೆ ಬಂತು, ಮಾತು ಮುಗಿಯಲಿಲ್ಲ

ನಿಮ್ಮ ಕರಿಬೇವಿನ ಗಿಡ ಕಾಂಪೌಂಡು ದಾಟಿ ನಮ್ಮ ಕಡೆಗೇ ಬಾಗಿಬಿಟ್ಟಿದೆ ನೋಡಿ. ಆರು ತಿಂಗಳು ನಾನು ಊರಲ್ಲಿಲ್ಲದಿದ್ದಾಗ ಅದಕ್ಕೆ ಹೇಳೋರು ಕೇಳೋರು ಇರಲಿಲ್ಲ ಅಂತ ಕಾಣುತ್ತೆ. ಇರಲಿ ಬಿಡಿ, ಕಡೀಬೇಡಿ. ಒಗ್ಗರಣೆ ಹೊತ್ತಿಗೆ ಕೈಗೆ ಸಿಗುತ್ತೆ.

ಅಮೆರಿಕ ಹೇಗಿತ್ತು ಅಂತ ಬಂದವರೆಲ್ಲ ಕೇಳ್ತಾರೆ. ಗೋಲ್ಡನ್ ಗೇಟ್ ಸೇತುವೆ ನೋಡಿದ್ರಾ ಅಂತಾರೆ. ನೋಡಿದೆ, ಚೆನ್ನಾಗಿದೆ. ಆದರೆ ನಾನು ಹೋಗಿದ್ದು ಮಗಳ ಬಾಣಂತನಕ್ಕೆ. ನನಗೆ ಮನಸ್ಸಿನಲ್ಲಿ ಉಳಿದದ್ದು ಅವಳ ಅಡುಗೆಮನೆ ಕಿಟಕಿಯಲ್ಲಿದ್ದ ಒಂದು ರೇಡಿಯೋ. ಆಶ್ಚರ್ಯ ಅಲ್ವಾ? ಆ ಕಂಪ್ಯೂಟರ್ ಕಂಪನಿಗಳ ಊರಲ್ಲಿ, ಎಲ್ಲಾ ಮೊಬೈಲಿನಲ್ಲೇ ನಡೆಯೋ ಮನೆಯಲ್ಲಿ, ಮುಳ್ಳು ತಿರುಗಿಸೋ ರೇಡಿಯೋ! 88.5ಕ್ಕೆ ನಿಲ್ಲಿಸಿಟ್ಟಿದ್ದಳು. ಸ್ಯಾನ್ ಫ್ರಾನ್ಸಿಸ್ಕೋದ ಕೆಕ್ಯುಇಡಿ ಅನ್ನೋ ಸ್ಟೇಷನ್ನು, ಅಲ್ಲಿನ ಸಾರ್ವಜನಿಕ ರೇಡಿಯೋ ಎನ್‌ಪಿಆರ್‌ನ ಕಾರ್ಯಕ್ರಮಗಳು ಬರುವಂಥದ್ದು.

ವಾರದ ದಿನಗಳಲ್ಲಿ ಅದರಲ್ಲೂ ಓಟವೇ. ಸುದ್ದಿ, ಟ್ರಾಫಿಕ್ಕು, ಮತ್ತೆ ಸುದ್ದಿ. ಶನಿವಾರ ಬಂತು ಅನ್ನಿ, ದನಿಯೇ ಬೇರೆ. ನಾನು ಕೂಸಿಗೆ ಎಣ್ಣೆ ಒತ್ತುತ್ತಾ ಕೂತಿರುತ್ತಿದ್ದೆ. ಒಬ್ಬರು ನಿಧಾನವಾಗಿ, ಪಕ್ಕದಲ್ಲೇ ಕಾಫಿ ಲೋಟ ಹಿಡಿದು ಕೂತವರ ಹಾಗೆ ಮಾತು ಶುರು ಮಾಡೋರು. ಸ್ಕಾಟ್ ಸೈಮನ್ ಅಂತ. ಆ ಶನಿವಾರದ ‘ವೀಕೆಂಡ್ ಎಡಿಷನ್’ ಹುಟ್ಟಿದ್ದು 1985ರ ನವೆಂಬರಿನಲ್ಲಿ. ನಡುವೆ ಸ್ವಲ್ಪ ಕಾಲ ಬಿಟ್ಟರೆ ಆವತ್ತಿನಿಂದ ಅವರೇ. ನನ್ನ ಮಗಳು ಹುಟ್ಟೋಕೆ ಮುಂಚಿನ ದನಿ ಅವಳ ಮಗಳಿಗೆ ಸ್ನಾನ ಮಾಡಿಸೋ ಹೊತ್ತಿಗೂ ಬರ್ತಿದೆ! ಒಂದು ಸಲ ಸೆನೆಟರು, ಆಮೇಲೆ ಯಾರೋ ಮೊದಲ ಕಾದಂಬರಿ ಬರೆದ ಹುಡುಗಿ, ಆಮೇಲೆ ಸೇತುವೆ ಕಟ್ಟೋ ಇಂಜಿನಿಯರು. ಎಲ್ಲರಿಗೂ ಅದೇ ಮರ್ಯಾದೆ. ಕೊನೆಗೆ ಸಂಗೀತ ಮಾಡಿದವರು ಬಿ.ಜೆ. ಲೈಡರ್‌ಮನ್ ಅಂತ ಹೇಳ್ತಾರೆ, ವಾರ ವಾರವೂ. ಆ ಹೆಸರು ನನಗೆ ಮಂತ್ರದ ಥರ ಬಾಯಿಪಾಠ ಆಗೋಯ್ತು.

ಭಾನುವಾರದ್ದು ಇನ್ನೊಂದು ಬಗೆ. ಅದು 1987ರಲ್ಲಿ ಶುರುವಾದಾಗ ನಡೆಸಿಕೊಟ್ಟವರು ಸೂಸನ್ ಸ್ಟ್ಯಾಂಬರ್ಗ್. ಭಾನುವಾರದ ಪೇಪರಿನಲ್ಲಿ ಪದಬಂಧ ಇರೋ ಹಾಗೆ ರೇಡಿಯೋದಲ್ಲೂ ಒಂದು ಒಗಟು ಇರಲಿ ಅಂತ ಅವರೇ ಹಟ ಹಿಡಿದು ವಿಲ್ ಶಾರ್ಟ್ಜ್ ಅನ್ನೋರನ್ನ ಕರೆತಂದರಂತೆ. ಆವಾಗಿನಿಂದ ಇವತ್ತಿಗೂ ನಡೀತಿದೆ. ಮೊದಮೊದಲು ಕೇಳುಗರು ಉತ್ತರಾನ ಕಾರ್ಡಿನಲ್ಲಿ ಬರೆದು ಕಳಿಸೋರು. ಗೆದ್ದವರಿಗೆ ಕೋಟಿಗೆ ಚುಚ್ಚಿಕೊಳ್ಳೋ ಒಂದು ಪಿನ್ನು ಸಿಗುತ್ತೆ. ನಮ್ಮ ಅಳಿಯನಿಗೆ ಆ ಪಿನ್ನಿನ ಮೇಲೆ ಎಷ್ಟು ಆಸೆ ಅಂತೀರಿ!

ಆ ಸ್ಟ್ಯಾಂಬರ್ಗ್ ಅಮ್ಮನ ಗೊಜ್ಜಿನ ಕಥೆ ಹೇಳಲೇಬೇಕು. ನವೆಂಬರಿನಲ್ಲಿ ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಎಪ್ಪತ್ತರ ದಶಕದ ಶುರುವಿನಿಂದ ಆಕೆ ಪ್ರತಿ ವರ್ಷ ಹಬ್ಬದ ಹೊತ್ತಿಗೆ ರೇಡಿಯೋದಲ್ಲಿ ತಮ್ಮ ಅತ್ತೆಯ ಕ್ರ್ಯಾನ್‌ಬೆರಿ ಗೊಜ್ಜು ಮಾಡೋದು ಹೇಗೆ ಅಂತ ಹೇಳೋರು. ಹಸೀ ಹಣ್ಣು, ಒಂದು ಸಣ್ಣ ಈರುಳ್ಳಿ, ಸಕ್ಕರೆ, ಹುಳಿ ಕೆನೆ, ಮೇಲೆ ಹಾರ್ಸ್‌ರ‍್ಯಾಡಿಶ್ ಅಂತ ಮೂಗಿಗೆ ಹೊಡೆಯೋ ಒಂದು ಬೇರು. ಎಲ್ಲಾ ರುಬ್ಬಿ ಫ್ರೀಜರಿನಲ್ಲಿಡೋದು. ಬಣ್ಣ ಅಂದರೆ ಕಣ್ಣು ಕುಕ್ಕೋ ಗುಲಾಬಿ. ಕೇಳಿದವರೆಲ್ಲ ಮೊದಲು ಮುಖ ಕಿವುಚೋದೇ. ನಾನು ಮಾತ್ರ ಕಿವುಚಲಿಲ್ಲ. ಹುಳಿ, ಸಿಹಿ, ಖಾರ ಮೂರೂ ಸೇರಿದ ಮೇಲೆ ಅದು ನಮ್ಮ ಗೊಜ್ಜಿನ ಮನೆತನದ್ದೇ ಅಲ್ವಾ? ಇನ್ನೊಂದು ಸ್ವಾರಸ್ಯ ಕೇಳಿ. ಆ ಅತ್ತೆಯವರು ಅದನ್ನ ತೆಗೆದುಕೊಂಡಿದ್ದು ನ್ಯೂಯಾರ್ಕ್ ಟೈಮ್ಸಿನಲ್ಲಿ 1959ರಲ್ಲಿ ಕ್ರೇಗ್ ಕ್ಲೇಬೋರ್ನ್ ಬರೆದ ಅಂಕಣದಿಂದ! ಪ್ರತಿ ಮನೆಯ ಅತ್ತೆಯ ಕೈರುಚಿ ಹಿಂದೆ ಇಂಥದ್ದೊಂದು ಪೇಪರಿನ ತುಂಡು ಎಲ್ಲೋ ಮಡಚಿಕೊಂಡು ಕೂತಿರುತ್ತೆ ಅನ್ನಿ.

ನಾನು ಅಲ್ಲಿದ್ದಾಗಲೇ, 2025ರ ಅಕ್ಟೋಬರಿನಲ್ಲಿ, ಸ್ಟ್ಯಾಂಬರ್ಗ್ ತೀರಿಕೊಂಡರು. 87 ವರ್ಷ ಆಗಿತ್ತು. ಆ ದೇಶದ ದಿನನಿತ್ಯದ ರಾಷ್ಟ್ರೀಯ ಸುದ್ದಿ ಕಾರ್ಯಕ್ರಮವೊಂದನ್ನ ನಡೆಸಿಕೊಟ್ಟ ಮೊದಲ ಹೆಂಗಸು ಅವರು, 1972ರಲ್ಲಿ. ನವೆಂಬರ್ ಬಂದಾಗ ಮಗಳು ಸುಮ್ಮನೆ ಹಣ್ಣು ತಂದು ಮೇಜಿನ ಮೇಲಿಟ್ಟಳು. ಇಬ್ಬರೂ ಸೇರಿ ಮಾಡಿದೆವು. ರೇಡಿಯೋ ಹಾಕಿಕೊಂಡೇ.

ಎಲ್ಲಿದ್ದೆ? ಹಾಂ, ಮಾತು. ನನ್ನನ್ನ ಹಿಡಿದು ಕೂರಿಸಿದ್ದು ಏನು ಗೊತ್ತಾ, ಆ ಜನ ಕೇಳಿದ ಮೇಲೆ ಸುಮ್ಮನಿರ್ತಾರೆ! ನಮ್ಮ ಟೀವಿಯಲ್ಲಿ ನೋಡಿ, ಎಂಟು ಜನರನ್ನ ಎಂಟು ಚೌಕದಲ್ಲಿ ಕೂರಿಸಿ, ಒಬ್ಬರು ಬಾಯಿ ತೆಗೆಯೋಕೆ ಮುಂಚೆ ಇನ್ನೊಬ್ಬರ ಮೇಲೆ ಹಾರ್ತಾರೆ. ಅದು ಸಂದರ್ಶನ ಅಲ್ಲ, ಸಂತೆ. ಫಿಲಡೆಲ್ಫಿಯಾದಲ್ಲಿ ಟೆರಿ ಗ್ರೋಸ್ ಅಂತ ಒಬ್ಬರಿದ್ದಾರೆ, 1975ರಿಂದ ‘ಫ್ರೆಶ್ ಏರ್’ ನಡೆಸ್ತಾ ಬಂದವರು. ಅದರ ಆಯ್ದ ಮಾತುಗಳು ಶನಿವಾರ ಭಾನುವಾರ ಮತ್ತೆ ಬರುತ್ತವೆ. ಎಷ್ಟೋ ಸಲ ಮಾತಾಡೋ ಅತಿಥಿ ಅವರ ಎದುರಿಗೇ ಇರಲ್ಲ. ಇವರು ಒಂದು ಊರಿನ ಸ್ಟುಡಿಯೋದಲ್ಲಿ, ಅವರು ಇನ್ನೊಂದು ಊರಿನ ಸ್ಟುಡಿಯೋದಲ್ಲಿ, ನಡುವೆ ಬರೀ ಕಿವಿ. ಶುರು ಮಾಡೋಕೆ ಮುಂಚೆ ಆಕೆ ಒಂದು ಮಾತು ಹೇಳ್ತಾರಂತೆ: ತೀರಾ ಖಾಸಗಿ ಅನ್ನಿಸೋ ಪ್ರಶ್ನೆ ಕೇಳಿದರೆ ತಿಳಿಸಿಬಿಡಿ, ಮುಂದಕ್ಕೆ ಹೋಗ್ತೀನಿ ಅಂತ. ಹಾಗೆ ಬಾಗಿಲು ತೆರೆದಿಟ್ಟದ್ದಕ್ಕೇ ಯಾರೂ ಎದ್ದು ಹೋಗಲ್ಲ ಅಂತ ನನಗನ್ನಿಸುತ್ತೆ.

ಮಕ್ಕಳ ಪುಸ್ತಕ ಬರೆಯುತ್ತಿದ್ದ ಮಾರಿಸ್ ಸೆಂಡಾಕ್ ಅವರ ಜೊತೆ 2011ರಲ್ಲಿ ಆಕೆ ಫೋನಿನಲ್ಲಿ ಮಾತಾಡಿದ್ದನ್ನ ಮಗಳು ಒಂದು ಮಧ್ಯಾಹ್ನ ಹಾಕಿ ಕೇಳಿಸಿದಳು. ಮುದುಕರು. ತೀರಿಹೋದ ಸ್ನೇಹಿತರನ್ನ ನೆನೆದುಕೊಂಡು ಅಳು ನುಂಗಿಕೊಂಡು, ಕಿಟಕಿಯಾಚೆ ಕಾಣೋ ಹಳೇ ಮೇಪಲ್ ಮರಗಳ ಬಗ್ಗೆ ಹೇಳ್ತಾರೆ. ಮುಂದಿನ ವರ್ಷ ಮೇ ತಿಂಗಳಲ್ಲಿ ಅವರು ಹೋಗಿಬಿಟ್ಟರು. ಆ ಮರದ ಮಾತು ಬಂದಾಗ ಆಕೆ ನಡುವೆ ಬಾಯಿ ಹಾಕಿದ್ದಿದ್ದರೆ ಏನು ಗತಿ ಹೇಳಿ.

ಅದನ್ನ ಕೇಳ್ತಾ ನನಗೆ ನಮ್ಮ ಸೋದರಮಾವ ಜ್ಞಾಪಕಕ್ಕೆ ಬಂದರು. ಅವರದು ಚಿಗುರೆಲೆ, ಅಂದರೆ ವೀಳ್ಯದೆಲೆ ತೋಟ. ಒಂದು ಸಲ ಆಕಾಶವಾಣಿಯವರು ದೊಡ್ಡ ಟೇಪ್ ರೆಕಾರ್ಡರು ಹೊತ್ತುಕೊಂಡು ತೋಟಕ್ಕೇ ಬಂದಿದ್ದರು, ಕೃಷಿ ಕಾರ್ಯಕ್ರಮಕ್ಕೆ. ಮಾವ ಪಂಚೆ ಬದಲಾಯಿಸಿಕೊಂಡು ಬಂದು ಕೂತರು, ರೇಡಿಯೋದಲ್ಲಿ ಪಂಚೆ ಕಾಣಿಸುತ್ತೆ ಅನ್ನೋ ಹಾಗೆ! ಗೊಬ್ಬರ, ನೀರು, ರೋಗ ಎಲ್ಲಾ ಕೇಳಿದ ಮೇಲೆ ಆ ಅಧಿಕಾರಿ, ಇದನ್ನೆಲ್ಲ ನಿಮಗೆ ಕಲಿಸಿದ್ದು ಯಾರು ಅಂದರು. ಮಾವ ಸುಮ್ಮನಾದರು. ಅಧಿಕಾರಿಯೂ ಸುಮ್ಮನೇ ಕೂತರು, ಮೈಕು ಹಿಂದಕ್ಕೆ ತೆಗೀಲಿಲ್ಲ. ಆಮೇಲೆ ಮಾವ ಮೆಲ್ಲಗೆ, ‘ನಮ್ಮವ್ವ’ ಅಂದರು. ತಾತನ ಕೈಗುಣ ಅಂತಲೇ ಅಲ್ಲಿವರೆಗೆ ಮನೆಮಂದಿಯೆಲ್ಲ ನಂಬಿದ್ದೆವು. ಪ್ರಸಾರದ ದಿನ ಅಜ್ಜಿ ನಡುಮನೆ ಕಂಬಕ್ಕೆ ಒರಗಿ ಕೂತು ಕೇಳಿದರು. ಒಂದು ಮಾತೂ ಆಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ರೇಡಿಯೋ ಅಂದರೆ ನಮ್ಮ ಮೈಸೂರಿಗೆ ಹೊಸದೇನಲ್ಲ ಬಿಡಿ. 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಪ್ರಸಾರ ಶುರು ಮಾಡಿದ ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಮೇಷ್ಟ್ರು. ಮನಸ್ಸು ಓದೋರಿಗೆ ಜನರ ದನಿ ಕೇಳೋ ಆಸೆ ಹುಟ್ಟಿದ್ದು ಸರಿಯಾಗೇ ಇದೆ. ಆಕಾಶವಾಣಿ ಅನ್ನೋ ಹೆಸರು ದೇಶಕ್ಕೆ ಹೋಗಿದ್ದೂ ಈ ಊರಿಂದಲೇ. ಬೆಳಗಿನ ಜಾವ ತಂಬೂರಿ ಶ್ರುತಿಯ ಮೇಲೆ ಪಿಟೀಲು ಬರುತ್ತಲ್ಲ, ನಮ್ಮ ಅಪ್ಪನ ಕಾಲದಿಂದ ಕೇಳಿದ್ದು, ಅದನ್ನ ಮಾಡಿದ್ದು ಹಿಟ್ಲರನ ಕಾಟಕ್ಕೆ ಯೂರೋಪು ಬಿಟ್ಟು ಮುಂಬಯಿಗೆ ಬಂದ ಯಹೂದಿ, ವಾಲ್ಟರ್ ಕೌಫ್‌ಮನ್. ಆತ ಕೊನೆಗೆ ಅಮೆರಿಕಕ್ಕೆ ಹೋಗಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಸಂಗೀತ ಪಾಠ ಹೇಳಿದರು. ರಾಗ ನಮ್ಮಲ್ಲಿ ಬಿಟ್ಟು ತಾವು ಅಲ್ಲಿಗೆ ಹೋದರು.

ಆದರೆ ಅಲ್ಲಿ ಈಗ ರೇಡಿಯೋದವರಿಗೆ ಕಷ್ಟಕಾಲ. 2025ರ ಜುಲೈನಲ್ಲಿ ಅವರ ಸಂಸತ್ತು, ಸಾರ್ವಜನಿಕ ಪ್ರಸಾರಕ್ಕೆ ಅಂತ ಎರಡು ವರ್ಷಕ್ಕೆ ಇಟ್ಟಿದ್ದ ಸುಮಾರು 110 ಕೋಟಿ ಡಾಲರ್ ವಾಪಸು ತೆಗೆದುಕೊಂಡುಬಿಟ್ಟಿತು. ದೊಡ್ಡ ಊರಿನವರು ಹೇಗೋ ಈಜ್ತಾರೆ, ಹಳ್ಳಿಗಾಡಿನ ಸಣ್ಣ ಸ್ಟೇಷನ್ನುಗಳ ಪಾಡು ಹೇಳತೀರದು. ಕೇಳೋ ಜನವೇ ಚಂದಾ ಕೊಡ್ತಾರೆ. ಮಗಳು ತಿಂಗಳು ತಿಂಗಳೂ ಕಟ್ತಾಳೆ, ಅವರು ಕೊಟ್ಟ ಬಟ್ಟೆ ಚೀಲದಲ್ಲೇ ನಾನು ತರಕಾರಿ ತರ್ತಿದ್ದೆ. ನಾವೂ ಒಂದು ಕಾಲಕ್ಕೆ ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸಿನ ಪುಸ್ತಕಕ್ಕೆ ಸ್ಟಾಂಪು ಅಂಟಿಸಿಕೊಂಡು ಬರ್ತಿದ್ದೆವಲ್ಲ, ನಿಮಗೂ ಜ್ಞಾಪಕ ಇರಬೇಕು. ಕೇಳೋಕೆ ದುಡ್ಡು ಕೊಟ್ಟ ಜನ ನಾವು.

ಅಮೆರಿಕದಲ್ಲಿ ಒಂದು ಮಾತು ಕಲಿತೆ, ‘ಡ್ರೈವ್‌ವೇ ಮೊಮೆಂಟ್’ ಅಂತ. ಕಾರು ಮನೆ ಮುಂದೆ ಬಂದು ನಿಂತಿರುತ್ತೆ, ರೇಡಿಯೋದಲ್ಲಿ ಮಾತು ಮುಗಿದಿರಲ್ಲ, ಇಳಿಯೋಕೆ ಮನಸ್ಸಾಗಲ್ಲ. ಒಂದು ಶನಿವಾರ ಡಾಕ್ಟರ ಹತ್ತಿರ ಹೋಗಿ ಬಂದಾಗ ನಮಗೂ ಹಾಗೇ ಆಯಿತು. ಹಿಂದಿನ ಸೀಟಿನಲ್ಲಿ ಕೂಸು ನಿದ್ದೆ, ಮುಂದೆ ನಾವಿಬ್ಬರು, ಮಾತಿಲ್ಲ. ಅಳಿಯ ಬಾಗಿಲಿಗೆ ಬಂದು ಏನಾಯ್ತು ಅಂತ ಗಾಬರಿಯಲ್ಲಿ ನೋಡಿದ. ಕೈ ಸನ್ನೆ ಮಾಡಿದೆವು. ಅವನೂ ಬಂದು ಕಿಟಕಿಗೆ ಆನಿಕೊಂಡು ನಿಂತ.

ನಿಮ್ಮ ಅತ್ತೆಯವರಿಗೆ ಬರೋ ತಿಂಗಳು ತೊಂಬತ್ತು ತುಂಬುತ್ತೆ ಅಲ್ವಾ? ಅವರು ಮದುವೆಯಾಗಿ ಈ ಬೀದಿಗೆ ಬಂದಾಗ ಇಲ್ಲಿ ಏನಿತ್ತು ಅಂತ ಯಾರಾದರೂ ಕೇಳಿದ್ದೀರಾ? ಈ ಭಾನುವಾರ ಕಾಫಿಗೆ ಅವರನ್ನ ನಮ್ಮ ಜಗಲಿಗೆ ಕರ್ಕೊಂಡು ಬನ್ನಿ. ಮೊಬೈಲು ನಾನು ಚಾರ್ಜ್ ಮಾಡಿಟ್ಟಿರ್ತೀನಿ. ಒಂದೇ ಒಂದು ಪ್ರಶ್ನೆ ಕೇಳೋಣ. ಆಮೇಲೆ ಅವರು ಎಷ್ಟು ಹೊತ್ತು ಸುಮ್ಮನಿದ್ದರೂ ನಾವು ಬಾಯಿ ಹಾಕೋದು ಬೇಡ.