ಇನ್ನೊಂಚೂರು ಎಡಕ್ಕೆ

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಬೆಳಗಿನ ಜಾವ ಐದರಿಂದ ಆರರವರೆಗಿನ ಹೊತ್ತು ಹೂಗಳ್ಳರಿಗೆ ಮೀಸಲು. ಚಿನ್ನ ಕದಿಯುವವನಿಗೆ ಎದೆಯ ಮೂಲೆಯಲ್ಲಿ ಒಂದಿಷ್ಟು ಅಳುಕಾದರೂ ಇದ್ದೀತು. ಹೂ ಕದಿಯುವವರಿಗೆ ಅದೂ ಇಲ್ಲ. ಕದ್ದದ್ದೆಲ್ಲ ದೇವರ ತಲೆ ಮೇಲೆ ಹೋಗುವುದರಿಂದ ಲೆಕ್ಕ ಅಲ್ಲಿಗೇ ಚುಕ್ತಾ. ಮಂಕಿ ಕ್ಯಾಪು, ಶಾಲು, ಕಂಕುಳಲ್ಲಿ ಪ್ಲಾಸ್ಟಿಕ್ ಕವರು, ಕೈಯಲ್ಲಿ ಕೊಕ್ಕೆ ಕಟ್ಟಿದ ದೋಟಿ. ಕೇಳಿದರೆ ವಾಕಿಂಗು. ದೋಟಿ ಹಿಡಿದು ವಾಕಿಂಗ್ ಮಾಡಿ ಎಂದು ಯಾವ ಡಾಕ್ಟರು ಬರೆದುಕೊಟ್ಟರೋ ತಿಳಿಯದು.

ನಮ್ಮ ಮನೆ ಇರುವುದು ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಕಡೆ ನಡೆಯುವವರು ಹಾದುಹೋಗುವ ಒಂದು ರಸ್ತೆಯಲ್ಲಿ. ಕಾಂಪೌಂಡಿನೊಳಗೆ ಒಂದು ಕೆಂಪು ದಾಸವಾಳ, ಒಂದು ನಂದಿಬಟ್ಟಲು. ಗಿಡಕ್ಕೆ ನೀರು ನಮ್ಮದು, ಗೊಬ್ಬರ ನಮ್ಮದು, ಹೂವು ಬೀದಿಯದು. ನಮ್ಮಾಕೆ ಸ್ನಾನ ಮುಗಿಸಿ ಹೂಬುಟ್ಟಿ ಹಿಡಿದು ಬರುವ ಹೊತ್ತಿಗೆ ಗಿಡದಲ್ಲಿ ಎಲೆಗಳು ಮಾತ್ರ. ಅವಳು ಕ್ಯಾಮೆರಾ ಕೇಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವಳೇ ಹೇಳುತ್ತಾಳೆ. ಅವಳು ಕೇಳಿದ್ದು ಇಷ್ಟೇ: "ರಿಟೈರ್ ಆಗಿದೀರಿ. ಐದು ಗಂಟೆಗೆ ಎದ್ದು ಒಂದ್ಗಳಿಗೆ ಹೊರಗೆ ಕುರ್ಚಿ ಹಾಕ್ಕೊಂಡು ಕೂತ್ಕೊಳ್ರೀ."

ಕಾಸು ಖರ್ಚಿಲ್ಲದ, ಕರೆಂಟು ಬೇಡದ, ಇಂಟರ್‌ನೆಟ್ ಹೋದರೂ ನಿಲ್ಲದ ಈ ಉಪಾಯವನ್ನು ನಾನು ಕೂಡಲೇ ತಳ್ಳಿಹಾಕಿದೆ. ಮನುಷ್ಯ ಕಣ್ಣು ಮುಚ್ಚಿದ್ದಾಗಲೂ ನೋಡುವ ಯಂತ್ರ ಇರುವ ಕಾಲದಲ್ಲಿ ಮನುಷ್ಯ ಯಾಕೆ ಕಣ್ಣು ತೆರೆಯಬೇಕು? ಮಾರನೇ ದಿನ ಎಸ್.ಪಿ. ರೋಡಿಗೆ ಹೊರಟೆ.

ಎಸ್.ಪಿ. ರೋಡು, ಅಂದರೆ ಸಾದರ ಪತ್ರಪ್ಪ ರಸ್ತೆ, ನನ್ನಂಥವರು ಒಬ್ಬರೇ ಹೋಗಬಾರದ ಜಾಗ. ವೈರು, ಬೋರ್ಡು, ಕಂಪ್ಯೂಟರಿನ ಕರುಳು ಎಲ್ಲ ಫುಟ್‌ಪಾತಿನ ಮೇಲೆ ಬಿದ್ದಿರುತ್ತವೆ. ಅರ್ಧ ಗಂಟೆ ಓಡಾಡಿದರೆ ತಾನೂ ಎಂಜಿನಿಯರು ಎಂಬ ಭ್ರಮೆ ತಾನಾಗಿ ಏರುತ್ತದೆ. ಅಂಗಡಿಯವನು ಎರಡು ಕ್ಯಾಮೆರಾ ತೆಗೆದಿಟ್ಟ. ಒಂದರ ಲೆನ್ಸು 2.8 ಮಿಲಿಮೀಟರು, ಇನ್ನೊಂದರದು 4. ನಾನು ವರ್ಷಗಟ್ಟಲೆ ಲೆಕ್ಕಪತ್ರ ವಿಭಾಗದಲ್ಲಿ ಕೂತವನು. ಎರಡೇ ಮುಕ್ಕಾಲಿಗಿಂತ ನಾಲ್ಕು ದೊಡ್ಡದು, ಬೆಲೆಯೂ ಒಂದೇ. ನಾಲ್ಕನ್ನೇ ಎತ್ತಿಕೊಂಡೆ. ಲೆನ್ಸಿನ ಸಂಖ್ಯೆ ಹೆಚ್ಚಿದಷ್ಟೂ ನೋಟದ ಅಗಲ ಕಿರಿದಾಗುತ್ತದೆ, 2.8ರಲ್ಲಾದರೆ ಗೇಟು, ಗಿಡ, ಅರ್ಧ ರಸ್ತೆ ಎಲ್ಲ ಒಟ್ಟಿಗೆ ಬೀಳುತ್ತಿತ್ತು ಎಂಬುದನ್ನು ಆಮೇಲೆ ಮಗಳು ಪುಣೆಯಿಂದ ಫೋನಿನಲ್ಲಿ ವಿವರಿಸಿದಳು. ಅಂಗಡಿಯವನು ವಿವರಿಸಲಿಲ್ಲ. ಅವನ ಗಮನವೆಲ್ಲ ಬ್ರ್ಯಾಕೆಟ್ಟಿನ ಮೇಲಿತ್ತು.

"ಕ್ಯಾಮೆರಾ ಯಾವ್ದಾದ್ರೂ ನಡೆಯುತ್ತೆ ಸಾರ್. ಸ್ಟ್ಯಾಂಡು ಮುಖ್ಯ. ಇದು ತ್ರೀ ಆಕ್ಸಿಸ್," ಎಂದು ಒಂದು ಬಿಳೀ ಲೋಹದ ತೋಳನ್ನು ಕೈಗಿಟ್ಟ. ಗೋಡೆಗೆ ಕೂರಲು ಮೂರು ತೂತಿನ ದುಂಡು ತಟ್ಟೆ, ಅದರಿಂದ ಹೊರಟ ಒಂದು ಗೇಣುದ್ದದ ತೋಳು, ತೋಳಿನುದ್ದಕ್ಕೆ ಗೆಣ್ಣುಗಳು. ಒಂದು ಗೆಣ್ಣು ಎಡ-ಬಲಕ್ಕೆ, ಒಂದು ಮೇಲೆ-ಕೆಳಕ್ಕೆ, ಮೂರನೆಯದು ಕ್ಯಾಮೆರಾವನ್ನು ನಿಂತಲ್ಲೇ ಹೊರಳಿಸಲು. ತುದಿಯಲ್ಲಿ ಕಾಲಿಂಚಿನ ಸ್ಕ್ರೂ. ಫೋಟೋ ಸ್ಟುಡಿಯೋದ ಮುಕ್ಕಾಲಿಯ ಮೇಲೂ ಇರುವುದು ಅದೇ ಅಳತೆ. ಪೈಪಿಗೆ ನಲ್ಲಿ ಹೊಂದದ, ಪ್ಲಗ್ಗಿಗೆ ಸಾಕೆಟ್ಟು ಹೊಂದದ ಈ ಲೋಕದಲ್ಲಿ ಕ್ಯಾಮೆರಾ ಒಂದಕ್ಕಾದರೂ ಎಲ್ಲ ಕಡೆ ಒಂದೇ ಸ್ಕ್ರೂ ಎಂದು ತಿಳಿದು ನನಗೆ ಅಪಾರ ಸಮಾಧಾನವಾಯಿತು. ಅಂಗಡಿಯಲ್ಲೇ ನಿಂತು ಗೆಣ್ಣುಗಳನ್ನು ತಿರುಗಿಸಿ ನೋಡಿದೆ. ಬೇಕಾದ ಕಡೆ ತಿರುಗಿತು. ಬೇಡದ ಕಡೆಗೂ ತಿರುಗುತ್ತದೆಯೇ ಎಂದು ಪರೀಕ್ಷಿಸಲು ಹೊಳೆಯಲಿಲ್ಲ.

"ಹಾಕೋಕೆ ಹುಡುಗನ್ನ ಕಳಿಸ್ಲಾ ಸಾರ್?"

"ಮೂರು ಸ್ಕ್ರೂ ತಾನೇ?" ಎಂದೆ. ಅವನು ವಾದ ಮಾಡಲಿಲ್ಲ. ಬಿಲ್ಲು ಬರೆಯುವಾಗ ಮಾತ್ರ ಮುಖದಲ್ಲಿ ಒಂದು ಕರುಣೆ ಇತ್ತು.

ನಮ್ಮದು ಹಳೇ ಕಾಲದ ಮನೆ. ಮುಂದಿನ ಕೋಣೆಯ ಕಿಟಕಿ ಮೇಲೆ ಸಜ್ಜಾ, ಅದರ ಮುಂದೆ ಒಂದಿಷ್ಟು ಅಂಗಳ, ಆಮೇಲೆ ಕಾಂಪೌಂಡು, ರಸ್ತೆ. ಸಜ್ಜಾದ ಮೇಲುಗಡೆ ಗೋಡೆಗೆ ಹಾಕಬಹುದಿತ್ತು. ಆದರೆ ಮನೆಯಲ್ಲಿದ್ದ ಏಣಿ ಗಿಡ್ಡದು, ನನ್ನ ಮಂಡಿಗಳು ಅದಕ್ಕಿಂತ ಗಿಡ್ಡ ಸ್ವಭಾವದವು. ಸಜ್ಜಾದ ಅಡಿಗೇ ಹಾಕುವುದೆಂದು ತೀರ್ಮಾನವಾಯಿತು. ಬಾಡಿಗೆಗೆ ತಂದ ಡ್ರಿಲ್ಲಿಂಗ್ ಮಿಷನ್ನು ಒತ್ತಿದ ಕೂಡಲೇ ಹಳೇ ಗಾರೆ ಮದ್ದೂರು ವಡೆ ಮುರಿದ ಹಾಗೆ ಉದುರಿತು. ಆರು ಮಿಲಿಮೀಟರಿನ ಬಿಟ್ಟಿನಿಂದ ಹೆಬ್ಬೆರಳು ತೂರುವಷ್ಟು ತೂತು. 1958ರಲ್ಲಿ ಜರ್ಮನಿಯ ಆರ್ಟುರ್ ಫಿಶರ್ ಕಂಡುಹಿಡಿದ ನೈಲಾನ್ ಬೆಣೆ ಸ್ಕ್ರೂ ಬಿಗಿದಂತೆ ಅರಳಿ ಗೋಡೆಯನ್ನು ಹಿಡಿದುಕೊಳ್ಳುತ್ತದೆ, ನಿಜ. ಹಿಡಿದುಕೊಳ್ಳಲು ಗೋಡೆ ಅಂತ ಒಂದು ಇರಬೇಕು. ಕೊನೆಗೆ ದೇವರ ಮನೆಯಿಂದ ಬೆಂಕಿಪೊಟ್ಟಣ ತಂದು, ಕಡ್ಡಿಗಳನ್ನು ತೂತಿಗೆ ತುರುಕಿ, ಅದರ ಮೇಲೆ ಸ್ಕ್ರೂ ತಿರುಪಿದೆ. ದೇವರಿಗೆ ಹೂವೂ ಇಲ್ಲ, ಈಗ ದೀಪ ಹಚ್ಚಲು ಕಡ್ಡಿಯೂ ಇಲ್ಲ ಎಂದು ಒಳಗಿನಿಂದ ಕೇಳಿಬಂತು.

ನಿಜವಾದ ಕೆಲಸ ಆಮೇಲೆ ಶುರುವಾಯಿತು: ಗುರಿ ಹಿಡಿಯುವುದು. ನಾನು ಏಣಿ ಮೇಲೆ, ಕೈಯಲ್ಲಿ ಆಲನ್ ಕೀ. ನಮ್ಮಾಕೆ ಕೆಳಗೆ, ಕೈಯಲ್ಲಿ ಮೊಬೈಲು.

"ಎಡಕ್ಕೆ."

ತಿರುಗಿಸಿದೆ.

"ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ."

ತಿರುಗಿಸಿದೆ.

"ಇಲ್ಲ, ಅಲ್ಲಾಡ್ತಾನೇ ಇಲ್ಲ. ಇನ್ನೊಂಚೂರು. ಇನ್ನೂ. ರೀ, ನಿಲ್ಸಿ! ಎಲ್ಲಿಗ್ರೀ ಹೋದ್ರಿ, ಆಕಾಶ ಬಂತು!"

ಆ ಕ್ಯಾಮೆರಾದ ಚಿತ್ರ ನೇರವಾಗಿ ಅವಳ ಕೈಗೆ ಬರುವುದಿಲ್ಲ. ವೈಫೈ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಯಾವುದೋ ಊರಿನ ಸರ್ವರಿಗೆ ಹೋಗಿ, ಮತ್ತೆ ವಾಪಸು ನಮ್ಮ ಅಂಗಳಕ್ಕೆ ಬರಬೇಕು. ಎರಡು ಮೂರು ಸೆಕೆಂಡು ತಡ. ಅಂದರೆ ಅವಳು ನೋಡುತ್ತಿದ್ದದ್ದು ನನ್ನ ಭೂತಕಾಲವನ್ನು. "ಸಾಕು" ಎನ್ನುವಷ್ಟರಲ್ಲಿ ನಾನು ಸಾಕಷ್ಟು ಮುಂದೆ ಹೋಗಿರುತ್ತಿದ್ದೆ. ಹಿಂದೆ ಬಂದರೆ ಅಷ್ಟೇ ಹಿಂದೆ. ದಾಸವಾಳದ ಗಿಡ ಪರದೆಯ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾದುಹೋಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಹೇಗೋ ಒಮ್ಮೆ ನಿಂತಿತು. ಆ ಗೆಣ್ಣು ಬಿಗಿ ಮಾಡಿದೆ. ಬಿಗಿ ಮಾಡುವ ರಭಸಕ್ಕೆ ಪಕ್ಕದ ಗೆಣ್ಣು ತಲೆತಗ್ಗಿಸಿತು. ಅದನ್ನು ಎತ್ತಿ ಬಿಗಿದರೆ ಮೂರನೆಯದು ಹೊರಳಿ ಇಡೀ ಹನುಮಂತನಗರ ಓರೆಯಾಯಿತು. ಮೂರು ದಿಕ್ಕಿಗೆ ತಿರುಗುವ ಸಾಧನದಲ್ಲಿ ಹಾಳಾಗಲಿಕ್ಕೂ ಮೂರು ದಿಕ್ಕು ಇರುತ್ತದೆ ಎಂಬುದು ಅದರ ಡಬ್ಬಿಯ ಮೇಲೆ ಬರೆದಿಲ್ಲ.

ಇಷ್ಟರಲ್ಲಿ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಸಜ್ಜಾದಿಂದ ತೂಗುಹಾಕಿದ್ದರಿಂದ ಚಿತ್ರ ತಲೆಕೆಳಗಾಗಿತ್ತು. ರಸ್ತೆ ಮೇಲೆ, ಆಕಾಶ ಕೆಳಗೆ. ನಾನು ಬ್ರ್ಯಾಕೆಟ್ಟನ್ನೇ ಬಿಚ್ಚಿ, ಕ್ಯಾಮೆರಾ ತಿರುಗಿಸಿ, ಬೆಂಕಿಕಡ್ಡಿ ಹೊಸದಾಗಿ ತುರುಕಿ, ಮತ್ತೆ ಕೂರಿಸಿದೆ. ಅದೇ ಹೊತ್ತಿಗೆ ಮಗಳು ಫೋನಿನಲ್ಲಿ ಅಮ್ಮನಿಗೆ, ಚಿತ್ರವನ್ನು ಬುಡಮೇಲು ಮಾಡುವ ಗುಂಡಿ ಆ್ಯಪಿನಲ್ಲೇ ಇದೆ ಎಂದು ಹೇಳಿಕೊಟ್ಟಿದ್ದಳು. ಅಮ್ಮ ಒತ್ತಿದಳು. ನಾನು ಏಣಿಯಿಂದ ಇಳಿದು ಹೆಮ್ಮೆಯಿಂದ ನೋಡಿದರೆ ರಸ್ತೆ ಮೇಲೆ, ಆಕಾಶ ಕೆಳಗೆ.

ರಾತ್ರಿಯದು ಬೇರೆಯೇ ಕಥೆ. ಕತ್ತಲಾದೊಡನೆ ಕ್ಯಾಮೆರಾ ಅವಗೆಂಪು ದೀಪಗಳನ್ನು ಹಚ್ಚಿಕೊಳ್ಳುತ್ತದೆ, 850 ನ್ಯಾನೋಮೀಟರಿನ ಬೆಳಕು, ನಮ್ಮ ಕಣ್ಣಿಗೆ ಮಂಕು ಕೆಂಪು ಚುಕ್ಕೆಗಳಾಗಿ ಮಾತ್ರ ಕಾಣುವಂಥದ್ದು. ಆ ಬೆಳಕು ನೇರ ಹೋಗಿ ಬಡಿದದ್ದು ದೀಪಾವಳಿಗೆಂದು ನಾನೇ ಸುಣ್ಣ ಬಳಿಸಿದ್ದ ಸಜ್ಜಾದ ಅಂಚಿಗೆ. ಹತ್ತಿರದ ಬಿಳಿ ಥಳಥಳ ಹೊಳೆದರೆ ಕ್ಯಾಮೆರಾ ತನ್ನ ಕಣ್ಣು ಕಿರಿದು ಮಾಡಿಕೊಂಡು ದೂರದ್ದನ್ನೆಲ್ಲ ಕಪ್ಪಾಗಿಸುತ್ತದೆ. ರಾತ್ರಿಯಿಡೀ ರೆಕಾರ್ಡಾದದ್ದು ನಮ್ಮ ಸಜ್ಜಾದ ಒಂದು ಅತ್ಯುತ್ತಮ ಭಾವಚಿತ್ರ. ಅದರ ಮುಂದೆ ಒಂದು ಜೇಡ ನಿಶ್ಚಿಂತೆಯಿಂದ ಬಲೆ ನೇಯುತ್ತಿತ್ತು. ಬೆಳಿಗ್ಗೆ ಗಿಡದಲ್ಲಿ ಎಲೆ ಇತ್ತು.

ಏಣಿ ಮೇಲೆ ಇಷ್ಟು ಹೊತ್ತು ನಿಲ್ಲುವವನಿಗೆ ಇತಿಹಾಸ ಓದುವ ಚಟ ಹತ್ತುವುದು ಸಹಜ. ಜರ್ಮನಿಯ ವಾಲ್ಟರ್ ಬ್ರೂಖ್ ಎಂಬ ಎಂಜಿನಿಯರು 1942ರಲ್ಲಿ ಪೀನೆಮುಂಡೆಯಲ್ಲಿ ರಾಕೆಟ್ಟು ಹಾರುವುದನ್ನು ದೂರದಿಂದ ನೋಡಲು ಇಂಥ ಕ್ಯಾಮೆರಾ ನಿಲ್ಲಿಸಿದ್ದನಂತೆ. ಅವನಿಗೇನು ಕಷ್ಟ? ರಾಕೆಟ್ಟು ಎಲ್ಲಿಂದ ಹೊರಡುತ್ತದೆಂದು ಗೊತ್ತು, ಯಾವಾಗ ಹೊರಡುತ್ತದೆಂದೂ ಗೊತ್ತು, ಮಂಕಿ ಕ್ಯಾಪು ಹಾಕಿರುವುದಿಲ್ಲ. ನನಗೆ ಗೌರವ ಮೂಡಿದ್ದು ನ್ಯೂಯಾರ್ಕಿನ ಕ್ವೀನ್ಸಿನಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸಮ್ಮನ ಮೇಲೆ. ರಾತ್ರಿಹೊತ್ತು ಮನೆ ಬಾಗಿಲಿಗೆ ಯಾರು ಬಂದರೆಂದು ನೋಡಲು 1966ರಲ್ಲಿ ಆಕೆ, ಗಂಡನನ್ನೂ ಜೊತೆ ಮಾಡಿಕೊಂಡು, ಬಾಗಿಲಿಗೆ ಬೇರೆ ಬೇರೆ ಎತ್ತರದಲ್ಲಿ ನಾಲ್ಕು ಇಣುಕುಗಂಡಿ ಕೊರೆದು, ಅವುಗಳ ಹಿಂದೆ ಮೇಲೆ ಕೆಳಗೆ ಸರಿದಾಡುವ ಕ್ಯಾಮೆರಾದ ವಿನ್ಯಾಸ ಮಾಡಿ ಪೇಟೆಂಟಿಗೆ ಅರ್ಜಿ ಹಾಕಿದಳು; 1969ರಲ್ಲಿ ಪೇಟೆಂಟೂ ಸಿಕ್ಕಿತು. ಉದ್ದದವರಿಗೊಂದು ಗಂಡಿ, ಗಿಡ್ಡನೆಯವರಿಗೊಂದು, ಮಕ್ಕಳಿಗೊಂದು. ಆ ದಂಪತಿಗಳಲ್ಲಿ "ನಿಮ್ಮ ಎಡ ಅಲ್ಲ, ನನ್ನ ಎಡ" ಎಂಬ ಮಾತು ನಡೆದಿತ್ತೇ ಎಂದು ಪೇಟೆಂಟಿನಲ್ಲಿ ಇಲ್ಲ.

ಸಜ್ಜಾ ತಪ್ಪಿಸಲೆಂದು ತೋಳನ್ನು ಪೂರ್ತಿ ಹೊರಕ್ಕೆ ಚಾಚಿ, ಬಲಕ್ಕೆ ಹೊರಳಿಸಿದೆ. ರಾತ್ರಿಯ ಚಿತ್ರ ಸ್ವಚ್ಛವಾಯಿತು. ಮಾರನೇ ಸಂಜೆ ಪಕ್ಕದ ಮನೆ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡಿ ನಿವೃತ್ತರಾದವರು, ಪಾಠ ಮಾಡುವುದರಿಂದ ನಿವೃತ್ತರಾಗಿಲ್ಲ.

"ಏನ್ರೀ ಇದು? ನಿಮ್ಮ ಕ್ಯಾಮೆರಾ ನಮ್ಮ ಬಾಲ್ಕನಿ ನೋಡ್ತಿದೆಯಲ್ಲ. ನಾನು ಬೆಳಿಗ್ಗೆ ಎಣ್ಣೆ ಹಚ್ಕೊಂಡು ಬಿಸಿಲಿಗೆ ನಿಲ್ಲೋ ಜಾಗ ಅದು."

"ಹೂಗಳ್ಳರಿಗೆ ಹಾಕಿದ್ದು ಮೇಷ್ಟ್ರೇ."

"ನಾನೇನು ಹೂವೇ? 2017ರ ಆಗಸ್ಟ್ 24. ಒಂಬತ್ತು ಜನ ನ್ಯಾಯಮೂರ್ತಿಗಳ ಪೀಠ. ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು. ಕೇಸು ಹಾಕಿದ ಪುಟ್ಟಸ್ವಾಮಿಯವರು ಯಾರು ಗೊತ್ತೇನ್ರೀ? ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಗಳಾಗಿದ್ದೋರು."

"ಅದು ಆಧಾರ್ ವಿಷಯಕ್ಕೆ, ಸರ್ಕಾರದ ಮೇಲೆ ಹಾಕಿದ್ದಲ್ವೇ?"

"ಇವತ್ತು ಸರ್ಕಾರ, ನಾಳೆ ನೀವು."

ಎಣ್ಣೆ ಹಚ್ಚಿದ ಮೇಷ್ಟ್ರನ್ನು ನೋಡುವ ಆಸೆ ನನಗೆ ಮೊದಲೇ ಇರಲಿಲ್ಲ. ಚಿತ್ರದ ಬೇಡದ ಭಾಗಕ್ಕೆ ಕಪ್ಪು ಪಟ್ಟಿ ಹಾಕುವ ಸೌಲಭ್ಯ ಆ್ಯಪಿನಲ್ಲಿತ್ತು. ಅವರೆದುರಿಗೇ ಬಾಲ್ಕನಿಯನ್ನು ಅಳಿಸಿ ತೋರಿಸಿದೆ. ಅವರು ಕನ್ನಡಕ ಏರಿಸಿ ದೀರ್ಘವಾಗಿ ನೋಡಿ, "ಇಡೀ ಬೀದಿ ಇಷ್ಟು ಚೆನ್ನಾಗಿದೆ, ನಮ್ಮನೆ ಒಂದಕ್ಕೇ ಯಾಕ್ರೀ ಮಸಿ?" ಎಂದರು. ಕಾಫಿ ಕುಡಿಸಿ ಕಳಿಸಿದೆವು.

ಕಾಗೆಯದು ಕೊನೆಯ ಕೊಡುಗೆ. ತೋಳು ಹೊರಕ್ಕೆ ಚಾಚಿದ್ದರಿಂದ ಅದಕ್ಕೆ ಕೂರಲು ಪ್ರಶಸ್ತ ಜಾಗ ಸಿಕ್ಕಿತು. ತೋಳು ಉದ್ದವಾದಷ್ಟೂ ತುದಿಯ ಭಾರ ಬುಡದ ಗೆಣ್ಣಿಗೆ ಹೆಚ್ಚು. ಕಾಗೆ ಕೂತಾಗಲೆಲ್ಲ ಕ್ಯಾಮೆರಾ ಒಂದಿಷ್ಟು ಬಾಗಿ, ಮಧ್ಯಾಹ್ನದೊಳಗೆ ಬಾಗಿಲ ಮುಂದಿನ ನನ್ನ ಚಪ್ಪಲಿಗಳನ್ನು ಕಾಯುತ್ತಿತ್ತು. ನಾನು ಏಣಿ ಹತ್ತುತ್ತಿದ್ದೆ. ಹತ್ತಿದ ಕೂಡಲೇ ಒಳಗೆ ಮೊಬೈಲು ಕಿರುಚುತ್ತಿತ್ತು: ಅಪರಿಚಿತ ವ್ಯಕ್ತಿ ಪತ್ತೆಯಾಗಿದ್ದಾನೆ. ಇಡೀ ರಸ್ತೆಯಲ್ಲಿ ಆ ಕ್ಯಾಮೆರಾ ಹಿಡಿದುಕೊಟ್ಟ ಏಕೈಕ ಅನುಮಾನಾಸ್ಪದ ವ್ಯಕ್ತಿ ನಾನು. ಲುಂಗಿ ಎತ್ತಿಕಟ್ಟಿ, ಆಲನ್ ಕೀ ಕಚ್ಚಿಕೊಂಡ ಸ್ಥಿತಿಯಲ್ಲಿ ಅನೇಕ ಪ್ರತಿಗಳಲ್ಲಿ ಲಭ್ಯ.

ಆದರೂ ಒಂದು ರಾತ್ರಿ ಎಲ್ಲ ಕೂಡಿಬಂತು. ಗಿಡ ಚಿತ್ರದ ಮಧ್ಯದಲ್ಲಿತ್ತು, ಕಾಗೆ ಮಲಗಿತ್ತು. ಬೆಳಿಗ್ಗೆ ಗಿಡ ಬೋಳು. ಇಬ್ಬರೂ ಕಾಫಿ ಲೋಟ ಹಿಡಿದು ರೆಕಾರ್ಡಿಂಗು ನೋಡಲು ಕೂತೆವು. 5.22ಕ್ಕೆ ಚಿತ್ರದೊಳಗೆ ಒಂದು ಆಕೃತಿ ಬಂತು. ಮಂಕಿ ಕ್ಯಾಪು, ಮೂಗಿನವರೆಗೆ ಶಾಲು. ಅವಗೆಂಪಿನಲ್ಲಿ ಎಲ್ಲ ಬೂದು, ಗಂಡೋ ಹೆಣ್ಣೋ ಹೇಳುವ ಹಾಗಿಲ್ಲ. ದೋಟಿ ಚಾಚಿ, ಅವಸರವಿಲ್ಲದೆ, ಅರಳಿದ್ದನ್ನಷ್ಟೇ ಆರಿಸಿ ಕಿತ್ತು ಕವರಿಗೆ ಹಾಕಿಕೊಂಡಿತು. ಆಮೇಲೆ ತಲೆಯೆತ್ತಿತು. ಕೆಂಪು ಚುಕ್ಕೆಗಳು ಕಂಡಿರಬೇಕು. ಕೆಲ ಕ್ಷಣ ಯೋಚಿಸಿತು. ದೋಟಿಯ ಕೊಕ್ಕೆ ಮೆಲ್ಲಗೆ ನಮ್ಮತ್ತ ಬಂದು ಪರದೆ ತುಂಬಿತು. ನನ್ನ ಏಣಿಯ ಗಿಡ್ಡತನಕ್ಕೂ ಆ ದೋಟಿಯ ಉದ್ದಕ್ಕೂ ಯಾವ ಜನ್ಮದ ಋಣವೋ. ಒಂದು ತಳ್ಳು. ಆಕಾಶ, ಕೇಬಲ್ ತಂತಿ, ಮೇಷ್ಟ್ರ ಮನೆ, ಮತ್ತೆ ರಸ್ತೆ. ಟಕ್ ಎಂದು ನಿಂತಿತು.

ನಿಂತದ್ದು ಹೇಗೆಂದರೆ ಗೇಟು ಸರಿಯಾಗಿ ನಡುವೆ, ಬೀದಿದೀಪದ ಕಂಬ ನೆಟ್ಟಗೆ, ಸಜ್ಜಾದ ಬಿಳಿ ಪೂರ್ತಿ ಹೊರಗೆ, ಮೇಷ್ಟ್ರ ಬಾಲ್ಕನಿ ಕಪ್ಪು ಪಟ್ಟಿಯ ಅಗತ್ಯವೇ ಇಲ್ಲದಷ್ಟು ದೂರ. ಓರೆ ಇಲ್ಲ, ಬಾಗಿಲ್ಲ. ದಾಸವಾಳದ ಗಿಡವೊಂದು ಮಾತ್ರ ಚಿತ್ರದಲ್ಲಿಲ್ಲ. ಕೊಕ್ಕೆಯ ಪೆಟ್ಟಿಗೆ ಗೆಣ್ಣು ಎಲ್ಲೋ ಕಚ್ಚಿಕೊಂಡಿತ್ತು. ಬೆಳಿಗ್ಗೆ ಕಾಗೆ ಬಂದು ಕೂತರೂ ಅಲುಗಲಿಲ್ಲ, ಬೇಸತ್ತು ಎದ್ದುಹೋಯಿತು. ಆ ದಿನ ಗ್ಯಾಸಿನವನು, ಕೊರಿಯರಿನವನು, ಮೀಟರು ಓದುವವನು ಎಲ್ಲರೂ ಪಾಸ್‌ಪೋರ್ಟ್ ಫೋಟೋದಷ್ಟು ಸ್ಪಷ್ಟವಾಗಿ ಬಂದರು.

"ಕೆಲಸ ಗೊತ್ತಿರೋರು ಮಾಡಿದ್ರೆ ಹೀಗಿರುತ್ತೆ," ಎಂದಳು ನಮ್ಮಾಕೆ.

ನನ್ನ ಸ್ವಾಭಿಮಾನ ಕೇಳಲಿಲ್ಲ. ಗಿಡದ ಕಡೆಗೆ ಇನ್ನೊಂಚೂರು ತಿರುಗಿಸಿದರೆ ಎರಡೂ ಬೀಳುತ್ತದೆಂದು ಲೆಕ್ಕ ಹಾಕಿ, ಏಣಿ ಹೊತ್ತು ತಂದು, ಸಲಕರಣೆ ಡಬ್ಬಿ ತಡಕಿದೆ. ಡ್ರಿಲ್ಲಿನ ಬಿಟ್ಟು ಇತ್ತು, ಉಳಿದ ಸ್ಕ್ರೂ ಇತ್ತು.

"ಲೇ, ಆಲನ್ ಕೀ ಎಲ್ಲಿ ಇಟ್ಟೆ?"

ಅಡುಗೆಮನೆಯಿಂದ ಒಗ್ಗರಣೆ ಸಿಡಿಯುವ ಸದ್ದಿನ ಮಧ್ಯೆ ಉತ್ತರ ಬಂತು: "ಅದನ್ನ ಹುಡುಕೋಕೆ ಇನ್ನೊಂದು ಕ್ಯಾಮೆರಾ ತನ್ನಿ."