‘ಪುಲ್ ಆಫ್’ ಮೇಷ್ಟ್ರು

ನಮ್ಮ ಬೀದಿಯ ನಿವೃತ್ತ ಇಂಗ್ಲಿಷ್ ಮೇಷ್ಟ್ರ ಎದುರಿಗೆ, ಇಂಥದೊಂದು ಕಾರ್ಯವನ್ನು ಸಾಧಿಸಿದೆನೆಂದು ಯಾರೂ ಹೇಳಿಕೊಳ್ಳಬಾರದು. ಮಗನಿಗೆ ಮೆಡಿಕಲ್ ಸೀಟು ಸಿಕ್ಕಿತೆಂಬ ಹಿಗ್ಗಿನಿಂದ ಪೇಡೆಯ ಪೊಟ್ಟಣ ಹಿಡಿದು ಹೋದ ಪಕ್ಕದ ಮನೆಯವರನ್ನು ಜಗಲಿಯ ಮೇಲೆ ಕೂರಿಸಿ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿನಿಂದ ದಿಟ್ಟಿಸಿ, ‘ಹುಡುಗ ಸಕ್ಸೀಡ್ ಆದನೋ, ಪುಲ್ಡ್ ಇಟ್ ಆಫೋ? ಎರಡೂ ಒಂದೇ ಅಲ್ಲ’ ಎಂದು ಆರಂಭಿಸಿದ ಮಹಾನುಭಾವರು, ಪೇಡೆ ಬೆವರುವವರೆಗೂ ಅವರನ್ನು ಬಿಡಲಿಲ್ಲ.

ಅವರ ಸಿದ್ಧಾಂತವೇನೆಂದರೆ, ಆಗದೆಂದು ನಾಲ್ಕು ಜನ ತಲೆಯಾಡಿಸಿದ ಕಾರ್ಯವನ್ನು ನಡೆಸಿ ತೋರಿದಾಗ ಮಾತ್ರವೇ ಈ ಪದ ಶೋಭಿಸತಕ್ಕದ್ದು. ನಿತ್ಯವೂ ಉಣ್ಣುವವನು ಊಟವನ್ನು ‘ಪುಲ್ ಆಫ್’ ಮಾಡಲಾರನು, ಆದರೆ ಹತ್ತು ಎಲೆಯ ಅಡುಗೆಯಲ್ಲಿ ಮೂವತ್ತು ಜನರ ಪಂಕ್ತಿಯನ್ನು ತೃಪ್ತಿಪಡಿಸಿದ ಗೃಹಿಣಿ ಮಾಡಬಲ್ಲಳು. ಇನ್ನು ‘ಇಟ್’ ಎಂಬ ಬಡಪಾಯಿ ಸರ್ವನಾಮವಂತೂ, ಜಾತ್ರೆಯಲ್ಲಿ ಅಪ್ಪ ಅಮ್ಮನ ಕೈ ಹಿಡಿದ ಕೂಸಿನಂತೆ, ಆ ಎರಡು ಪದಗಳ ನಡುವೆಯೇ ಇರಬೇಕು. ‘ಪುಲ್ಡ್ ಆಫ್ ಇಟ್’ ಎಂದವನ ಮುಖವನ್ನು ಅವರು ಎರಡು ದಿನ ನೋಡರು. ಇಂಥ ಕ್ರಿಯಾಪದಗಳು ಪರದೇಶೀಯರಿಗೆ ಅತ್ಯಂತ ಕಠಿನವೆಂದು ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ ಹೇಳಿರುವುದನ್ನು, ಆತನು ಇವರ ಶಾಲೆಯ ಉತ್ತರಪತ್ರಿಕೆಗಳನ್ನು ತಿದ್ದಿಯೇ ಆ ನಿರ್ಣಯಕ್ಕೆ ಬಂದನೋ ಎಂಬಂತೆ ಉದಾಹರಿಸುವರು. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಲೋಗನ್ ಪಿಯರ್ಸಲ್ ಸ್ಮಿತ್ ತನ್ನ ಗ್ರಂಥದಲ್ಲಿ ಬಳಸಿದ ವರ್ಷ 1925 ಎಂಬುದು ಅವರಿಗೆ ಸ್ವಂತ ಮಕ್ಕಳ ಜನ್ಮವರ್ಷಕ್ಕಿಂತ ಚೆನ್ನಾಗಿ ನೆನಪಿದೆ.

‘ನಾವೂ ಮಾಡಿಬಿಟ್ಟ ಎನ್ನುತ್ತೇವಲ್ಲ, ಅಲ್ಲಿ ಯಾರು ಏನನ್ನು ಬಿಟ್ಟರು?’ ಎಂದು ನಾನೊಮ್ಮೆ ಕೇಳಿದೆ. ಕನ್ನಡಕ್ಕೂ ವ್ಯಾಕರಣವುಂಟೆಂಬುದು ಅಂದೇ ತಿಳಿದವರಂತೆ ನೋಡಿದರು.

ಮೊನ್ನೆ ಅವರಲ್ಲಿ ಊಟಕ್ಕೆ ಕುಳಿತಾಗ, ಮಾವಿನಕಾಯಿ ಉಪ್ಪಿನಕಾಯಿಯ ಸೀಸೆಯ ಮುಚ್ಚಳ ಉಪ್ಪು ಕಚ್ಚಿ ಕದಲದಾಯಿತು. ಮೇಷ್ಟ್ರು ಸೀಸೆಯನ್ನು ತೊಡೆಗಳ ನಡುವೆ ಅವುಚಿ, ಪಂಚೆಯ ಅಂಚು ಸುತ್ತಿ, ‘ನೋಡಿ, ಮುಚ್ಚಳವನ್ನು ಎಳೆದು ತೆಗೆಯುವುದು ವಾಚ್ಯಾರ್ಥ, ದುಸ್ಸಾಧ್ಯವನ್ನು ಸಾಧಿಸುವುದು ಲಕ್ಷ್ಯಾರ್ಥ; ಈಗ ಎರಡೂ ಏಕತ್ರ ಸಂಗಮಿಸಲಿವೆ’ ಎಂದು ಏದುಸಿರಿನಲ್ಲಿ ವಿವರಿಸುತ್ತಿರಲು, ಮನೆಯಾಕೆ ಒಳಗಿನಿಂದ ಬಂದು, ಸೀಸೆಯನ್ನು ಕಸಿದುಕೊಂಡು, ಅದರ ಕತ್ತನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ, ತೆಗೆದು ಮುಂದಿಟ್ಟರು.

‘ಷೀ ಹ್ಯಾಸ್ ಪುಲ್ಡ್ ಇಟ್ ಆಫ್!’ ಎಂದು ಮೇಷ್ಟ್ರು ಉದ್ಘೋಷಿಸಿದರು.

‘ಎಳೆದರೆ ಅದೆಲ್ಲಿ ಬರುತ್ತೆ, ತಿರುಗಿಸಿದೆ’ ಎಂದು ಆಕೆ ನನ್ನ ಎಲೆಗೊಂದು ಹೋಳು ಹಾಕಿದರು.