ಗೋಡೆಗೆ ಎಷ್ಟು ಇಂಚು?

ಟೀವಿ ಕೊಳ್ಳುವುದೆಂದರೆ ಮನೆಯಲ್ಲಿ ಮೂರು ಪಕ್ಷ. ಮಗನಿಗೆ 75 ಇಂಚು ಬೇಕು, ಮನೆಯಾಕೆಗೆ ಷೋಕೇಸಿನೊಳಗೆ ಹಿಡಿಸುವಷ್ಟು, ಅಜ್ಜಿಗೆ ಧಾರಾವಾಹಿಯ ಅತ್ತೆಯ ಮೂಗುತಿ ಕಾಣುವಷ್ಟು. ಅಂಗಡಿಯವನು ಹೇಳುವ 55 ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು. ಅಗಲ ಸುಮಾರು 48 ಇಂಚು, ಅಂದರೆ ನಾಲ್ಕಡಿ. ಇದು ತಿಳಿಯದೆ ಷೋಕೇಸನ್ನೇ ಕೊಯ್ಯಿಸಿದ ಮಹನೀಯರಿದ್ದಾರೆ! ಸೋಫಾದಿಂದ ಗೋಡೆಗೆ ಏಳೆಂಟು ಅಡಿಯಿದ್ದರೆ 55 ಧಾರಾಳ. ಅದರಲ್ಲೂ ಹಳೇ ಎಸ್‌ಡಿ ಚಾನೆಲ್ಲುಗಳನ್ನೇ ನೋಡುವವರ ಮನೆಯಲ್ಲಿ ಪರದೆ ಹಿಗ್ಗಿದಷ್ಟೂ ಚಿತ್ರ ಮಸುಕು.

ಇನ್ನು ಕುಲಗೋತ್ರ. ಎಲ್‌ಇಡಿ, ಕ್ಯೂಎಲ್‌ಇಡಿ ಎಂದು ಹೆಸರು ಏನೇ ಇರಲಿ, ಒಳಗೆ ಎರಡೂ ಎಲ್‌ಸಿಡಿಯೇ. ಹಿಂದಿನಿಂದ ದೀಪ ಹಿಡಿಯಬೇಕು. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಆರಿದರೆ ಅಪ್ಪಟ ಕತ್ತಲೆ. ಬೆಲೆ ಕೇಳಿದಾಗ ನಮ್ಮ ಕಣ್ಣಿಗೂ ಬರುವುದು ಅದೇ ಕತ್ತಲೆ. ಎದುರಿಗೆ ಬಿಸಿಲು ಬೀಳುವ ಕಿಟಕಿಯಿದ್ದರಂತೂ, ಅಷ್ಟು ದುಡ್ಡು ಸುರಿದು ಹಗಲೆಲ್ಲ ಪರದೆಯಲ್ಲಿ ನೋಡುವುದು ಸೋಫಾದ ಮೇಲೆ ಕೂತ ನಮ್ಮನ್ನೇ.

ಅಂಗಡಿಯಲ್ಲಿ ಎಲ್ಲ ಟೀವಿಯೂ ಮದುವೆ ಮನೆಯ ಹಾಗೆ ಝಗಮಗ, ಅದನ್ನು ನಂಬಬೇಡಿ. ಮೊದಲು ಹಳೇ ದಿನಪತ್ರಿಕೆಯನ್ನು ಟೀವಿಯ ಅಳತೆಗೆ ಜೋಡಿಸಿ ಗೋಡೆಗೆ ಅಂಟಿಸಿ, ಕೂತು ನೋಡಿ. ಇಎಂಐಗೆ ಸಹಿ ಹಾಕುವುದು ಆಮೇಲೆ.